ಕಾಲ್ಬೆರಳು ಹೆಕ್ಕಿದ ಬಟಾಣಿ

ಕೋಪನ್‌ಹೇಗನ್ನಿನ ಬ್ಯಾಲೆ ಚರಿತ್ರೆಯಲ್ಲಿ ನನ್ನ ಬಲಗಾಲಿನ ನಾಲ್ಕನೇ ಬೆರಳಿಗೆ ಪ್ರತ್ಯೇಕ ಅಧ್ಯಾಯವೇ ಸಿಗಬೇಕೆಂದು ಕಳೆದ ಜನವರಿಯಲ್ಲಿ ಪಣ ತೊಟ್ಟೆ! ಪಾದ ಮುರಿದು ಐದು ತಿಂಗಳಾಗಿತ್ತು. ಮೂಳೆ ಕೂಡಿತ್ತು, ಬೆರಳುಗಳು ಮಾತ್ರ ಸೋಮಾರಿಗಳಾಗಿದ್ದವು. ಬೆರಳತುದಿಯ ಮೇಲೆ ನಿಂತು ಬದುಕುವವಳಿಗೆ ಬೆರಳೇ ಮುಷ್ಕರ ಹೂಡಿದರೆ ಗತಿಯೇನು? ವಸಂತದ ಪ್ರದರ್ಶನದಲ್ಲಿ ನನ್ನ ಪಾತ್ರ ನನಗೋ, ಇನ್ನೊಬ್ಬಳಿಗೋ ಎಂಬುದನ್ನು ನಮ್ಮ ಗುರು ಥೈರಾ ತಿಂಗಳ ಕೊನೆಯಲ್ಲಿ ತೀರ್ಮಾನಿಸುವವರಿದ್ದರು.

ವೈದ್ಯರು ಹೇಳಿದ ವ್ಯಾಯಾಮ ಇಷ್ಟೇ: ನೆಲದ ಮೇಲಿನ ಗೋಲಿಗಳನ್ನು ಕಾಲ್ಬೆರಳಿನಿಂದ ಹೆಕ್ಕಿ ಬಟ್ಟಲಿಗೆ ಹಾಕಬೇಕು. ಮೂರೇ ದಿನಕ್ಕೆ ಅದು ನನಗೆ ಮಕ್ಕಳಾಟವಾಯಿತು. ಗೋಲಿಯನ್ನು ಯಾರು ಬೇಕಾದರೂ ಎತ್ತಿಯಾರು, ನಾನು ಒಣ ಬಟಾಣಿ ಎತ್ತುತ್ತೇನೆ! ಅಡುಗೆಮನೆ ನನ್ನ ಗಂಡ ತೋರ್ಕಿಲ್‌ನ ಸಾಮ್ರಾಜ್ಯ. ಅವನು ಕೆಲಸಕ್ಕೆ ಹೊರಟೊಡನೆ ಹಳದಿ ಬಟಾಣಿಯ ಜಾಡಿಯನ್ನು ನೆಲಕ್ಕೆ ಸುರಿಯುವುದು, ಒಂದೊಂದಾಗಿ ಹೆಕ್ಕುವುದು, ಅವನು ಬರುವಷ್ಟರಲ್ಲಿ ಜಾಡಿ ತುಂಬಿಸಿಡುವುದು. ಮೂರು ವಾರ ಸದ್ದಿಲ್ಲದೆ ನಡೆಯಿತು.

ಆ ಭಾನುವಾರ ನೃತ್ಯಶಾಲೆಯಲ್ಲಿ ಲಘು ಅಭ್ಯಾಸ ಮುಗಿಸಿ ಮನೆಗೆ ಬಂದರೆ ಊಟದ ಮೇಜಿನ ಮುಂದೆ ಸಾಕ್ಷಾತ್ ಥೈರಾ!

"ಐದು ತಿಂಗಳು ವಾರವಾರ ಬಂದು ನಿನ್ನ ಕಾಲು ನೋಡಿದಾರೆ. ಒಂದು ಊಟನಾದ್ರೂ ಹಾಕ್ಬೇಡ್ವಾ?" ಎಂದ ತೋರ್ಕಿಲ್.

ಎಂಥ ಗಂಡ ನನಗೆ! ಕಣ್ಣು ತುಂಬಿ ಬಂತು. ಆಗಲೇ ಥೈರಾರ ತಟ್ಟೆ ಕಂಡಿತು. ಹಳದಿ ಬಟಾಣಿ ಸೂಪು, ಪಕ್ಕದಲ್ಲಿ ಹಂದಿಮಾಂಸ, ಸಾಸಿವೆ. ತೋರ್ಕಿಲ್‌ನನ್ನು ಅಡುಗೆಮನೆಗೆ ಎಳೆದೊಯ್ದೆ.

"ಯಾವ ಬಟಾಣಿ ಹಾಕ್ದೆ?"

"ಜಾಡೀದು. ಇನ್ಯಾವುದು?"

"ಅಯ್ಯೋ, ಅದನ್ನ ದಿನಾ ಕಾಲಲ್ಲಿ ಹೆಕ್ತಿದ್ದೆ ಕಣೋ!"

ತೋರ್ಕಿಲ್‌ನ ಕೈಯ ಸೌಟು ನಿಂತಿತು. "ಮೂರು ಸಲ ತೊಳ್ದಿದೀನಿ, ಎರಡು ಗಂಟೆ ಕುದ್ಸಿದೀನಿ. ಬಾಯಿ ಮುಚ್ಕೊಂಡು ಬಡ್ಸು, ಮಾರಾಯ್ತಿ."

"ಇನ್ನೊಂದು ಸೌಟು ಹಾಕಪ್ಪಾ!" ಹೊರಗಿನಿಂದ ಥೈರಾರ ದನಿ.

ನನ್ನ ಮನಸ್ಸಾಕ್ಷಿ ಸುಮ್ಮನಿರಲು ಬಿಡಲಿಲ್ಲ. ಓಡಿಹೋಗಿ ತಟ್ಟೆ ಕಸಿದೆ. ಅವರು ಬಿಡಲಿಲ್ಲ. ಎಪ್ಪತ್ತರ ಆ ಕೈಯಲ್ಲಿ ಏನು ಬಲ! ಜಗ್ಗಾಟದಲ್ಲಿ ತಟ್ಟೆಯಲ್ಲುಳಿದ ಸೂಪಿನ ಅರ್ಧ ಅವರ ರೇಷ್ಮೆ ಶಾಲಿನ ಮೇಲೆ, ಇನ್ನರ್ಧ ಮೇಜಿನಡಿ ಮಲಗಿದ್ದ ನಮ್ಮ ಬೆಕ್ಕಿನ ಮೇಲೆ!

"ನನ್ನ ಊಟ ಯಾಕೆ ಕಿತ್ಕೋತೀಯಾ ಸಿಸ್ಸೆಲ್?"

ಅಳುತ್ತಲೇ ಎಲ್ಲವನ್ನೂ ಒಪ್ಪಿಕೊಂಡೆ. ಪಾತ್ರ ಹೋಯಿತು, ಮಾನವೂ ಹೋಯಿತು ಎಂದು ತಲೆ ತಗ್ಗಿಸಿ ನಿಂತೆ. ಥೈರಾ ಎದ್ದು ಅಡುಗೆಮನೆಯಿಂದ ಜಾಡಿ ತಂದರು. ಜಾಡಿಯ ತಳದಲ್ಲಿ ಉಳಿದಿದ್ದ ಏಳು ಬಟಾಣಿಗಳನ್ನು ನೆಲಕ್ಕೆ ಚೆಲ್ಲಿದರು.

"ಎಲ್ಲಿ, ತೋರ್ಸು."

ಕಾಲುಚೀಲ ಕಳಚಿ ಹೆಕ್ಕತೊಡಗಿದೆ. ಒಂದು, ಎರಡು... ಏಳನೆಯದನ್ನು ನಾಲ್ಕನೇ ಬೆರಳು ತಾನಾಗಿ ಬಾಗಿ ಎತ್ತಿಕೊಟ್ಟಿತು!

"ಪಾತ್ರ ನಿಂದೇ. ನಾಳೆ ಹತ್ತಕ್ಕೆ ಬಾ."

ಅವರನ್ನು ತಬ್ಬಿಕೊಂಡು ಅತ್ತೆ. ಐದು ತಿಂಗಳು ನನ್ನನ್ನು ಕೈಬಿಡದ ಆ ಮುದುಕಿಗೆ, ಮೂರು ಸಲ ತೊಳೆದ ಗಂಡನಿಗೆ, ಕೊನೆಗೂ ಮಾತು ಕೇಳಿದ ಬೆರಳಿಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು.

"ನಿಮಗೆ ಹೇಸಿಗೆ ಆಗ್ಲಿಲ್ವಾ?" ಎಂದೆ, ಮೂಗೊರೆಸಿಕೊಳ್ಳುತ್ತಾ.

"ಹೇಸಿಗೆ ಯಾಕೆ? ನಲವತ್ತು ವರ್ಷದಿಂದ ನನ್ನ ವ್ಯಾಯಾಮವೂ ಅದೇ. ಕಳೆದ ಚಳಿಗಾಲದಲ್ಲಿ ನಮ್ಮನೇಲಿ ಮೂರು ತಟ್ಟೆ ಬಟಾಣಿ ಸೂಪು ಹೊಡೆದ್ಯಲ್ಲ?" ಶಾಲು ಒರೆಸಿಕೊಳ್ಳುತ್ತಾ ಥೈರಾ ತೋರ್ಕಿಲ್‌ನನ್ನು ಮೆಚ್ಚುಗೆಯಿಂದ ನೋಡಿದರು. "ನಿನ್ನ ಗಂಡ ಪುಣ್ಯಾತ್ಮ, ತೊಳ್ದಿದಾನೆ. ನಾನು ತೊಳ್ದಿರಲೂ ಇಲ್ಲ!"