ಪೆಡಲ್ ಮೇಲೆ ತೆಂಗಿನಕಾಯಿ

"ಪೆಡಲ್ ತರುವುದು ನನ್ನ ಜವಾಬ್ದಾರಿ. ನೀನು ತಲೆಬಿಸಿ ಮಾಡಬೇಡ" ಎಂದು ನಾನು ಹೆಂಡತಿ ಸುಮತಿಗೆ ಹೇಳಿದ್ದು ಪೂರ್ಣ ಸ್ವಸ್ಥ ಮನಸ್ಸಿನಿಂದ, ಯಾರ ಒತ್ತಾಯವೂ ಇಲ್ಲದೆ.

ವಿಷಯ ಇಷ್ಟೇ. ಡೊಂಬಿವಲಿಯ ನಮ್ಮ ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ಬಾರಿಸುತ್ತಿದ್ದವರು ಉಡುಪಿಗೆ ಹೋಗಿ ನೆಲೆಸಿಬಿಟ್ಟರು. ಈ ನವರಾತ್ರಿಗೆ ಸುಮತಿ ಕೀಬೋರ್ಡ್ ಬಾರಿಸುವುದೆಂದಾಯಿತು. ಮಂಡಳಿಯ ಅಧ್ಯಕ್ಷೆ ಪದ್ಮಕ್ಕನಿಗೆ ಇದು ಸುತಾರಾಂ ಇಷ್ಟವಿರಲಿಲ್ಲ. "ಈ ಕರೆಂಟಿನ ಪೆಟ್ಟಿಗೆಯಲ್ಲಿ ಭಕ್ತಿ ಬರ್ತದಾ ಸುಮತಿ? ಆಯ್ತು, ಒಂದು ದಿನ ನೋಡುವ. ಸರಿಯಾಗದಿದ್ರೆ ಬೇರೆ ಹಾರ್ಮೋನಿಯಂನವರನ್ನು ಕರೆಸುವ" ಎಂದಿದ್ದರು. ಆ ಒಂದು ದಿನಕ್ಕಾಗಿ ಸುಮತಿ ಒಗ್ಗರಣೆ ಹಾಕುವಾಗಲೂ ಅಡುಗೆ ಕಟ್ಟೆಯ ಮೇಲೆ ಬೆರಳಾಡಿಸುತ್ತಿದ್ದಳು.

ಪೆಡಲ್ ಎಂದರೆ ಕಾಲಲ್ಲಿ ಒತ್ತುವ ಸಾಮಾನು. ಒತ್ತಿ ಹಿಡಿದರೆ, ಬೆರಳು ತೆಗೆದ ಮೇಲೂ ಸ್ವರ ಮೊಳಗುತ್ತಾ ಇರುತ್ತದೆ. ಬಿಟ್ಟರೆ ಸುಮ್ಮನಾಗುತ್ತದೆ. ಇಷ್ಟು ತಿಳಿದುಕೊಂಡು ನಾನು ತುರ್ಭೆಯ ಆಫೀಸಿನಿಂದ ಬರುವಾಗ ಥಾಣೆಯಲ್ಲಿ ರೈಲು ಇಳಿದು ವಾದ್ಯಗಳ ಅಂಗಡಿಗೆ ಹೋದೆ.

"ಕೀಬೋರ್ಡ್ ಕೌನ್ಸಾ ಹೈ?" ಎಂದು ಅಂಗಡಿಯವರು, ನಮ್ಮದು ಯಾವ ಕೀಬೋರ್ಡೆಂದು ತಿಳಿಯಲು, ಕೇಳಿದರು.

"ಕಾಲಾ" ಎಂದೆ.

ಅವರು ಸುತ್ತಲೂ ನೋಡಿದರು. ಅಂಗಡಿಯಲ್ಲಿದ್ದ ಕೀಬೋರ್ಡುಗಳೆಲ್ಲ ಕಪ್ಪಾಗಿದ್ದವು. ಮುಂದೆ ಅವರೇನೂ ಕೇಳಲಿಲ್ಲ. ಅಲ್ಲಿ ಒಂದು ಸಣ್ಣ ಪೆಡಲ್ ಇತ್ತು, ಒಂದು ದೊಡ್ಡದಿತ್ತು. ನಾನು ಹೆಂಡತಿಯ ವಿಷಯದಲ್ಲಿ ಜಿಪುಣನಲ್ಲ. ದೊಡ್ಡದನ್ನೇ ಆರಿಸಿ, ಡೊಂಬಿವಲಿ ಲೋಕಲ್‌ನ ನೂಕುನುಗ್ಗಲಿನಲ್ಲಿ ಮಗುವಿನಂತೆ ಎದೆಗಪ್ಪಿಕೊಂಡು ಮನೆಗೆ ತಂದೆ.

ಅದು ಒತ್ತಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಸದ್ದು ಜೋರು ಮೆಲ್ಲ ಮಾಡುವ ಬೇರೆಯೇ ಜಾತಿಯ ಪೆಡಲ್ ಅಂತೆ.

"ಸಣ್ಣದು ಇರ್ಲಿಲ್ವಾ?" ಎಂದಳು ಸುಮತಿ.

"ಇತ್ತು. ಇದು ಗಟ್ಟಿ ಅನ್ನಿಸಿತು."

"ನಾನು ಭಜನೆಗೆ ಬಾರಿಸೋದು ಮಾರಾಯ್ರೆ, ಲಾರಿ ಓಡಿಸೋದಲ್ಲ."

ಮರುದಿನ ಕೀಬೋರ್ಡಿನ ಬೆನ್ನ ಮೇಲಿನ ಹೆಸರು, ನಂಬರಿನ ಫೋಟೋ ತೋರಿಸಿ ಸರಿಯಾದ ಪೆಡಲ್ ತಂದೆ. ಅಂಗಡಿಯವರು ಒಂದು ಎಚ್ಚರಿಕೆಯನ್ನೂ ಕೊಟ್ಟಿದ್ದರು. ಕೀಬೋರ್ಡ್ ಆನ್ ಮಾಡುವಾಗ ಪೆಡಲ್ ಮೇಲೆ ಕಾಲು ಇರಬಾರದು. ಇದ್ದರೆ ಅದು ಒತ್ತಿದ್ದನ್ನೇ ಬಿಟ್ಟದ್ದು ಎಂದು ತಿಳಿದು ಎಲ್ಲವನ್ನೂ ಉಲ್ಟಾ ಮಾಡುತ್ತದೆ. ಈ ಜ್ಞಾನವನ್ನು ನಾನು ಸುಮತಿಗೆ ಊಟಕ್ಕೆ ಮೊದಲು ಹೇಳಿದೆ, ಊಟದ ನಡುವೆ ಹೇಳಿದೆ, ಕೈ ತೊಳೆಯುವಾಗಲೂ ಹೇಳಿದೆ.

ಪದ್ಮಕ್ಕ ಕೊಟ್ಟ ಆ ಒಂದು ದಿನ, ಆಯುಧ ಪೂಜೆಯ ಸಂಜೆ, ಬಂತು. ಭಜನೆಗೆ ಮೊದಲು ಮಂಡಳಿಯ ವೇದಿಕೆಯಲ್ಲಿ ವಾದ್ಯಗಳಿಗೂ ಪೂಜೆಯಾಗಬೇಕಲ್ಲ. ತಬಲಾಕ್ಕೆ ಹೂವಾಯಿತು, ತಾಳಕ್ಕೆ ಕುಂಕುಮವಾಯಿತು. ಪೆಡಲ್ ಮಾತ್ರ ಮೇಜಿನ ಅಡಿಯಲ್ಲಿ ಅನಾಥವಾಗಿತ್ತು. ಅದೂ ವಾದ್ಯದ ಅಂಗವೇ, ಮೇಲಾಗಿ ತುಳಿಸಿಕೊಳ್ಳುವ ಅಂಗ. ಅದಕ್ಕೆ ಪೂಜೆ ಹೆಚ್ಚೇ ಸಲ್ಲಬೇಕು ಅನ್ನಿಸಿತು. ಕುಂಕುಮ ಹಚ್ಚಿ, ಹಿತ್ತಾಳೆ ತಟ್ಟೆಯ ತುಂಬ ಅಕ್ಕಿ ಹಾಕಿ, ಅದರ ಮೇಲೆ ಜುಟ್ಟಿನ ತೆಂಗಿನಕಾಯಿ ಕೂರಿಸಿ, ತಟ್ಟೆಯನ್ನು ಪೆಡಲ್ ಮೇಲೆ ಅಲುಗಾಡದಂತೆ ಇಟ್ಟೆ. ಆಮೇಲೆ ಕಾಲುಗಳನ್ನು ದೂರ ಎಳೆದುಕೊಂಡು, ಬಹಳ ಜಾಗ್ರತೆಯಿಂದ ಕೀಬೋರ್ಡ್ ಆನ್ ಮಾಡಿದೆ.

ಅಂಗಡಿಯವರು ಕಾಲಿನ ಬಗ್ಗೆ ಹೇಳಿದ್ದರು. ತೆಂಗಿನಕಾಯಿಯ ಬಗ್ಗೆ ಏನೂ ಹೇಳಿರಲಿಲ್ಲ.

ಮಂಗಳಾರತಿಯಾದ ಮೇಲೆ ತಟ್ಟೆ ತೆಗೆದೆ. ಸುಮತಿ ಕುಳಿತು ಶುರು ಮಾಡಿದಳು. ಮೊದಲ ಸ್ವರ ಮುಗಿಯಲಿಲ್ಲ. ಎರಡನೆಯದು ಅದರ ಮೇಲೆ ಬಂದು ಕುಳಿತಿತು, ಮೂರನೆಯದು ಅವೆರಡರ ಮೇಲೆ. ಸಂಜೆ ದಾದರಿನಲ್ಲಿ ನಿಂತ ಲೋಕಲ್ ರೈಲಿನ ಹಾಗೆ ಎಲ್ಲರೂ ಹತ್ತುವವರೇ, ಇಳಿಯುವವರಿಲ್ಲ. ಸುಮತಿ ಬೆರಳು ಮೇಲೆತ್ತಿದಳು, ಸದ್ದು ನಿಲ್ಲಲಿಲ್ಲ. ಹಾಡುವವರು ಹಾಡು ನಿಲ್ಲಿಸಿಯೇಬಿಟ್ಟರು. ಪದ್ಮಕ್ಕ ಪರ್ಸಿನಿಂದ ಫೋನ್ ತೆಗೆದರು. ಹಾರ್ಮೋನಿಯಂನವರಿಗೇ ಇರಬೇಕು.

ನಾನು ವೇದಿಕೆಗೆ ನುಗ್ಗಿ, ಮೇಜಿನ ಅಡಿಗೆ ತೂರಿ, ಎರಡೂ ಕೈಯಿಂದ ಪೆಡಲ್ ಒತ್ತಿ ಹಿಡಿದೆ. ಗದ್ದಲ ನಿಂತಿತು. ಸಭೆಗೆ ಕಂಡದ್ದು, ಹೆಂಡತಿಯ ಪಾದದ ಬಳಿ ಅಡ್ಡಬಿದ್ದ ಒಬ್ಬ ಗಂಡಸಿನ ಬೆನ್ನು.

ಸುಮತಿ ಬಗ್ಗಿ ಪಿಸುಗುಟ್ಟಿದಳು. "ಆನ್ ಮಾಡುವಾಗ ಇದರ ಮೇಲೆ ಎಂಥದಾದ್ರೂ ಇತ್ತಾ?"

"ಕಾಲು ಇರಲಿಲ್ಲ."

"ಮತ್ತೆ?"

"ಕಾಯಿ ಇತ್ತು. ಅಕ್ಕಿ ಸಮೇತ."

ಅವಳು ಕೀಬೋರ್ಡ್ ಆಫ್ ಮಾಡಿದಳು. "ಕೈ ತೆಗೀರಿ" ಎಂದಳು. ತೆಗೆದೆ. ಆನ್ ಮಾಡಿದಳು.

ಭಜನೆ ಮತ್ತೆ ಶುರುವಾಯಿತು. ನನಗೆ ಹೊರಬರಲು ದಾರಿಯಿರಲಿಲ್ಲ, ಒಳಗೇ ಮುದುಡಿ ಕುಳಿತೆ. ಕಣ್ಣೆದುರಿಗೆ ಸುಮತಿಯ ಕಾಲು ಮಾತ್ರ ಕಾಣುತ್ತಿತ್ತು. ಅದು ಮೆಲ್ಲಗೆ ಒತ್ತಿದಾಗ ಸ್ವರ ತೇಲಿ ನಿಲ್ಲುತ್ತಿತ್ತು, ಬಿಟ್ಟಾಗ ಶಾಂತವಾಗುತ್ತಿತ್ತು. ಇಷ್ಟು ಚೆನ್ನಾಗಿ ಬಾರಿಸುತ್ತಾಳೆಂದು ನನಗೆ ಗೊತ್ತೇ ಇರಲಿಲ್ಲ. ನಿಜಕ್ಕೂ ಹೆಮ್ಮೆಯಾಯಿತು, ಸೊಂಟವೂ ಹಿಡಿದುಕೊಂಡಿತು.

ಕೊನೆಗೆ ಪದ್ಮಕ್ಕ ಮೈಕಿನಲ್ಲಿ, ಮುಂದಿನ ವರ್ಷವೂ ಸುಮತಿಯೇ ಬಾರಿಸಬೇಕು ಎಂದರು. ನನ್ನನ್ನೂ ಮರೆಯಲಿಲ್ಲ. "ಹೆಂಡತಿ ಬಾರಿಸುವಷ್ಟು ಹೊತ್ತೂ ಅವಳ ಕಾಲ ಬುಡದಲ್ಲಿ ಭಕ್ತಿಯಿಂದ ಕೂತವರು" ಎಂದು ಹೊಗಳಿ, ಅದೇ ತೆಂಗಿನಕಾಯಿಯನ್ನು ನನ್ನ ಕೈಗಿತ್ತು ಸನ್ಮಾನಿಸಿದರು. ಸಭೆ ಚಪ್ಪಾಳೆ ತಟ್ಟಿತು.

ರಿಕ್ಷಾದಲ್ಲಿ ಬರುವಾಗ, ಮುಂದಿನ ವರ್ಷಕ್ಕೆ ಕೀಬೋರ್ಡಿಗೊಂದು ಒಳ್ಳೆಯ ಸ್ಟ್ಯಾಂಡ್ ಬೇಕು, ಅದನ್ನು ನಾನೇ ನೋಡಿ ತರುತ್ತೇನೆ ಎಂದೆ.

ಸುಮತಿ ನನ್ನ ಮಡಿಲಲ್ಲಿದ್ದ ಕಾಯಿಯನ್ನು ನೋಡಿದಳು.

"ನೀವು ಕಾಯಿ ತನ್ನಿ, ಸಾಕು. ಎಲ್ಲಿ ಇಡೋದು ಅಂತ ನಾನು ಹೇಳ್ತೇನೆ."