ಸೋಮವಾರ ಹೂಡದ ಫಟಫಟಿ

ಮೋಟಾರ್ ಸೈಕಲ್ಲಿಗೆ ವಾರದ ರಜೆ ಕೊಟ್ಟ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡಿರುವುದೇನು ಬಂತು, ಆತನ ಮನೆಯ ಜೋಳದ ರೊಟ್ಟಿ ತಿಂದೇ ಬೆಳೆದಿದ್ದೇನೆ. ಆತ ನನ್ನ ಕಾಕಾ, ಅಪ್ಪನ ಖಾಸಾ ತಮ್ಮ. ಹೆಸರು ಬೇಡ. ಹೆಸರು ಹೇಳಿದರೆ ಸಿಂಧನೂರಿನ ಅರ್ಧ ಊರು ‘ಓ, ಅವರಾ!’ ಎನ್ನುತ್ತದೆ. ಉಳಿದ ಅರ್ಧ ಊರಿಗೆ ಹೆಸರು ಹೇಳುವುದೇ ಬೇಡ, ಅವರೆಲ್ಲ ಒಂದಲ್ಲ ಒಂದು ದಿನ ಆತನ ಗಾಡಿಯನ್ನು ನೂಕಿದವರೇ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಕಾಲುವೆ ನೀರು ಹರಿದು ಜವಳಗೇರಾ ಕಡೆಯ ಕಾಕಾನ ಹೊಲವೆಲ್ಲ ಗದ್ದೆಯಾಗಿತ್ತು. ಆ ಕೆಸರಿಗೆ ಟ್ರ್ಯಾಕ್ಟರೇ ಸೈ ಎಂದಾದ ಮೇಲೆ ಕಾಕಾ ತನ್ನ ಎತ್ತಿನ ಜೋಡಿಯನ್ನು ಮಳೆಹೊಲದ ರೈತರೊಬ್ಬರಿಗೆ ಕೊಟ್ಟುಬಿಟ್ಟ. ಎತ್ತಿನ ಹಿಂದೆ ಸವಾರಿ ಬಂಡಿಯೂ ಮೂಲೆ ಸೇರಿತು. ಇದರಿಂದ ನಿಜವಾಗಿ ಕಾಲು ಕಟ್ಟಿದಂತಾದದ್ದು ಚಿಗವ್ವನಿಗೆ, ಅಂದರೆ ಕಾಕಾನ ಹೆಂಡತಿಗೆ. ಆಕೆಯ ತವರು ಗುರುಗುಂಟಾ. ಮಸ್ಕಿ ದಾಟಿ, ಲಿಂಗಸೂಗೂರು ದಾಟಿ ಹೋಗಬೇಕು. ಬಂಡಿಯಲ್ಲಾದರೆ ನಡುವೆ ಒಂದು ವಸ್ತಿ ಮಾಡಿ ಹಾಯಾಗಿ ಹೋಗಿ ಬರುತ್ತಿದ್ದಳು. ಬಸ್ಸು ಮಾತ್ರ ಆಕೆಗೆ ಆಗದು. ಡೀಸೆಲ್ ವಾಸನೆ ಮೂಗಿಗೆ ಬಡಿದರೆ ಹೊಟ್ಟೆ ತೊಳಸಿ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಒಮ್ಮೆ ಧೈರ್ಯ ಮಾಡಿ, ಕೈಯಲ್ಲೊಂದು ನಿಂಬೆಹಣ್ಣು ಹಿಡಿದು ಮೂಸುತ್ತ ಹೊರಟವಳನ್ನು ಮಸ್ಕಿಯಲ್ಲಿ ಕಂಡಕ್ಟರನೇ ಇಳಿಸಿ, ಹೋಟೆಲಿನ ಬೆಂಚಿನ ಮೇಲೆ ಮಲಗಿಸಿ ಹೋಗಿದ್ದ. ಅಂದಿನಿಂದ ಮೂರು ವರ್ಷ ಚಿಗವ್ವ ತವರು ಕಂಡಿರಲಿಲ್ಲ. ಅಲ್ಲಿ ಆಕೆಯ ತಾಯಿಯ ಕಣ್ಣು ದಿನದಿನಕ್ಕೆ ಮಂಜಾಗುತ್ತಿತ್ತು.

ಇಂಥ ಹೊತ್ತಿನಲ್ಲಿ ಕಾಲುವೆ ಕಚೇರಿಯ ಸಾಹೇಬರೊಬ್ಬರಿಗೆ ವರ್ಗವಾಗಿ, ಅವರ ದೊಡ್ಡ ಫಟಫಟಿ ಮಾರಾಟಕ್ಕೆ ಬಂತು. ಗೋವಾ ತನಕ ಹೋಗಿ ಬಂದಿದ್ದ ಗಾಡಿ. ಎರಡೂ ಪಕ್ಕಕ್ಕೆ ಸಾಮಾನಿನ ಪೆಟ್ಟಿಗೆ, ಹಿಂದೆ ಮಂಚದಂಥ ಅಗಲ ಸೀಟು. ಆ ಸೀಟು ನೋಡಿಯೇ ಕಾಕಾ ಮನಸ್ಸು ಮಾಡಿದ. ಎರಡು ಗಾಲಿಯ ಗಾಡಿ ಅವನಿಗೇನು ಹೊಸದಲ್ಲ. ಆದರೆ ಅವನು ಬಲ್ಲದ್ದು ಗಾಲಿಗಳು ಅಕ್ಕಪಕ್ಕ ಇರುವ ಗಾಡಿ. ಒಂದರ ಹಿಂದೆ ಒಂದಿರುವುದನ್ನು ಕೊಳ್ಳಲು ಹೊರಟದ್ದು ಅದೇ ಮೊದಲು.

ಹಳೆಯ ಗಾಡಿ ಕೊಳ್ಳುವವರು ಮೆಕ್ಯಾನಿಕ್‌ನನ್ನು ಜೊತೆಗೆ ಕರೆದೊಯ್ಯುತ್ತಾರೆ. ನಮ್ಮ ಕಾಕಾ ದನದ ದಲಾಲಿಯನ್ನು ಕರೆದೊಯ್ದ! ಇಬ್ಬರೂ ಗಾಡಿಯ ಸುತ್ತ ಮೂರು ಸುತ್ತು ಬಂದರು. ಎತ್ತಿನ ಮೈಯಲ್ಲಿ ನೋಡುವಂತೆ ಕೆಟ್ಟ ಸುಳಿ ಏನಾದರೂ ಇದೆಯೇ ಎಂದು ಟ್ಯಾಂಕಿನ ಮೇಲೆ ಕೈಯಾಡಿಸಿದರು. ಆಮೇಲೆ ಕಾಕಾ ಕುಕ್ಕರಗಾಲಲ್ಲಿ ಕೂತು ಚೈನಿನ ಚಕ್ರದ ಹಲ್ಲುಗಳನ್ನು ಒಂದೊಂದಾಗಿ ಸವರಿ ನೋಡಿದ. ಸಾಹೇಬರು ಗಾಡಿ ತೆಗೆದುಕೊಂಡು ಬಹಳ ವರ್ಷವೇನೂ ಆಗಿಲ್ಲ ಎನ್ನುತ್ತಿದ್ದರು.

“ಹಲ್ಲು ಸವದಾವ್ರಿ ಸಾಹೇಬ್ರ,” ಎಂದ ಕಾಕಾ. “ಇದು ಬಾಯಿಗೂಡಿ ಬಾಳ ದಿನ ಆಗೈತಿ.”

ಬಾಯಿಗೂಡುವುದೆಂದರೆ ಎತ್ತಿಗೆ ಹಲ್ಲೆಲ್ಲ ಬಂದು ವಯಸ್ಸು ತುಂಬುವುದು. ಸಾಹೇಬರ ಮುಖ ಸಣ್ಣದಾಯಿತು. ನಗಬೇಡಿ, ಹಳೆಯ ಗಾಡಿಯ ವಯಸ್ಸನ್ನು ಚೈನಿನ ಚಕ್ರದ ಹಲ್ಲು ನೋಡಿಯೇ ಹೇಳುವುದೆಂದು ಆಮೇಲೆ ಗಾಡಿ ರಿಪೇರಿಯ ಮಿಸ್ತ್ರಿಯೂ ಒಪ್ಪಿದ. ವ್ಯಾಪಾರಕ್ಕೆ ಬಂದಾಗ ಕಾಕಾ ಹೆಗಲ ಮೇಲಿನ ಟವೆಲ್ ತೆಗೆದು, ಅದರ ಕೆಳಗೆ ಕೈ ಚಾಚಿದ. ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ, ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ತಿಳಿಸುತ್ತಾರೆ. ಸಾಹೇಬರಿಗೆ ಇದೇನು ಗೊತ್ತು? ಊರು ಬಿಡುವವರಿಗೆ ಪ್ರೀತಿಯ ಬೀಳ್ಕೊಡುಗೆ ಇರಬೇಕೆಂದು ಐದೂ ಬೆರಳು ಗಟ್ಟಿಯಾಗಿ ಹಿಡಿದು ಕುಲುಕಿದರು. ಅಷ್ಟು ಬೆಲೆಗೆ ಇಂಥವು ಎರಡು ಬರುತ್ತವೆಂದು ದಲಾಲಿ ಎದ್ದು ನಿಂತೇಬಿಟ್ಟ.

ಹೇಗೋ ಗಾಡಿ ಮನೆಗೆ ಬಂತು. ಎತ್ತು ಕಟ್ಟುತ್ತಿದ್ದ ಜಾಗದಲ್ಲೇ ನಿಂತಿತು. ಚಿಗವ್ವ ಆರತಿ ಎತ್ತಿದಳು, ಆದರೆ ಹತ್ತಲಿಲ್ಲ. ಬದಲಿಗೆ ಒಂದು ಕರಾರು ಹಾಕಿದಳು: “ಒಬ್ಬರೂ ನೂಕದಂಗ ಒಂದು ಸಲ ಮಸ್ಕಿಗೆ ಹೋಗಿ ಬರ್ರಿ. ಆಮ್ಯಾಲೆ ನನ್ನ ಗುರುಗುಂಟಾಕ್ಕ ಕರಕೊಂಡು ಹೋಗ್ರಿ.”

ಇದೇನು ಮಹಾ ಎಂದ ಕಾಕಾ. ಮಹಾನೇ ಆಯಿತು. ಇಡೀ ಒಂದು ವರ್ಷ ಹಿಡಿಯಿತು, ಆದರೂ ಕರಾರು ತೀರಲಿಲ್ಲ!

ಓಡಿಸುವುದನ್ನು ಕಲಿತದ್ದು ಬಂಗಾಲಿ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನ ಕಡೆಯ ಕಾಲುವೆ ದಾರಿಯಲ್ಲಿ. ನೆಟ್ಟಗೆ ಹೋಗುವವರೆಗೆ ಎಲ್ಲ ಸರಿಯಿತ್ತು. ಎದುರಿಗೆ ತಿರುವು ಬಂದದ್ದೇ ಕಾಕಾ ಮೂವತ್ತು ವರ್ಷದ ರೂಢಿಯಂತೆ ‘ಹೋ... ಹೋ...’ ಎನ್ನುತ್ತ ಎರಡೂ ಕೈಯಿಂದ ಹ್ಯಾಂಡಲನ್ನು ಹಿಂದಕ್ಕೆ ಜಗ್ಗಿದ. ಹಗ್ಗ ಜಗ್ಗಿದರೆ ಎತ್ತು ನಿಲ್ಲುತ್ತದೆ. ಈ ಪ್ರಾಣಿಗೆ ಬಲಗೈಯಲ್ಲೇ ಎಕ್ಸಲರೇಟರ್! ಜಗ್ಗಿದಷ್ಟೂ ಓಡಿತು. ಓಡಿ, ಆಗತಾನೇ ನಾಟಿ ಮಾಡಿದ್ದ ಭತ್ತದ ಗದ್ದೆಯೊಳಗೆ ಹೋಗಿ ಮಲಗಿತು. ಕ್ಯಾಂಪಿನ ಬಂಗಾಲಿ ಹಿರಿಯರೊಬ್ಬರು ಜನ ಕರೆದು ಗಾಡಿ ಎತ್ತಿಸಿದರು, ಕಾಕಾನ ಮೈ ತೊಳೆಸಿ ಚಹಾ ಕೊಟ್ಟರು. ಕಾಕಾ ಸಂಕೋಚದಿಂದ, ಎತ್ತು ಹೊಸದು, ಇನ್ನೂ ಕೈಗೆ ಹತ್ತಿಲ್ಲ ಎಂದು ವಿವರಿಸಿದ. ಪಾಪ, ಆ ಹಿರಿಯರು ಬಹಳ ಹೊತ್ತು ಗದ್ದೆಯಲ್ಲಿ ಎತ್ತು ಹುಡುಕಿದರಂತೆ.

ಇನ್ನು ಗಾಡಿಯ ಆರೈಕೆ. ಅದಕ್ಕೆ ಮೌಲಾ ಮಿಸ್ತ್ರಿ ಗುರು, ಕಾಕಾ ಶಿಷ್ಯ. ಗುರುವಿನ ಮಾತಿಗೆ ಪ್ರತಿಸಲವೂ ತನ್ನದೊಂದು ಒಗ್ಗರಣೆ ಸೇರಿಸುವ ಶಿಷ್ಯ. ಎಂಜಿನ್ನಿಗೆ ಹೊಸ ಎಣ್ಣೆ ಹಾಕಬೇಕು ಎಂದಾಗ, ಎತ್ತಿಗೆ ಔಷಧಿ ಕುಡಿಸುವ ಬಿದಿರಿನ ಗೊಟ್ಟವನ್ನು ಅಟ್ಟದಿಂದ ಇಳಿಸಿ ಅದರಲ್ಲೇ ಕುಡಿಸಿದ. ಒಂದು ಹನಿ ಚೆಲ್ಲಲಿಲ್ಲ, ಮಿಸ್ತ್ರಿಯೇ ಬೆರಗಾದ. ಅದರಿಂದ ಧೈರ್ಯ ಬಂದು, ಚೈನಿಗೆ ಎಣ್ಣೆ ಬಿಡಬೇಕು ಎಂದಾಗ ಅಡುಗೆಮನೆಯ ಕುಸುಬೆ ಎಣ್ಣೆ ಬಿಟ್ಟ. ಕುಸುಬೆ ಎಣ್ಣೆ ಗಾಳಿಗೆ ಒಣಗಿದರೆ ಅಂಟಾಗುತ್ತದೆ. ವಾರದೊಳಗೆ ಚೈನು ಮಡಚದೆ ಬಡಿಗೆಯಂತೆ ನಿಂತಿತು. ಮಿಸ್ತ್ರಿ ಅದನ್ನು ಮೂಸಿ ನೋಡಿ ನಿಟ್ಟುಸಿರು ಬಿಟ್ಟ: “ಧಣೇರ, ಇದು ಚೈನ್ ಐತ್ರಿ, ಚುರುಮುರಿ ಅಲ್ಲ.”

ಎಲ್ಲಕ್ಕಿಂತ ಕಷ್ಟದ್ದು ಕಿಕ್ಕು. ಆ ಜಾತಿಯ ಗಾಡಿಗೆ ಸುಮ್ಮನೆ ಒದ್ದರೆ ನಡೆಯದು. ಎಡಗೈ ಹಿಡಿಕೆಯ ಬುಡದಲ್ಲಿ ಒಂದು ಸಣ್ಣ ಹಿಡಿ. ಮೊದಲು ಅದನ್ನು ಒತ್ತಿ ಎಂಜಿನ್ನಿನ ದಮ್ಮು ಬಿಡಿಸಬೇಕು, ‘ಫುಸ್’ ಎಂದ ಮೇಲೆ ಕಿಕ್ಕನ್ನು ಮೆಲ್ಲಗೆ ಅಮುಕುತ್ತ ದೀಪದ ಮೇಲಿನ ಗಡಿಯಾರದಂಥದ್ದರ ಮುಳ್ಳು ನಡುವಿಗೆ ಬರುವಂತೆ ನೋಡಬೇಕು, ಆಮೇಲೆ ಹಿಡಿ ಬಿಟ್ಟು ಒಂದೇ ಒದೆ. ಮಿಸ್ತ್ರಿ ಇದನ್ನು ನಮ್ಮ ಅಂಗಳದಲ್ಲಿ ನೂರು ಸಲ ಹೇಳಿರಬಹುದು. ಚಿಗವ್ವ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತ, ನಮಗ್ಯಾಕೆ ಎನ್ನುವಂತೆ ಮುಖ ತಿರುವಿಕೊಂಡಿರುತ್ತಿದ್ದಳು. ಕಾಕಾ ಅವಸರಕ್ಕೆ ದಮ್ಮು ಬಿಡಿಸುವುದನ್ನೇ ಮರೆತು ಒದೆಯುತ್ತಿದ್ದ. ಗಾಡಿ ತಿರುಗಿ ಒದೆಯುತ್ತಿತ್ತು. ಮೊಣಕಾಲಿಗೆ ಅರಿಷಿಣ ಮೆತ್ತಿಕೊಂಡು ಬೀದಿಯ ಜನರನ್ನು ಕೂಗುತ್ತಿದ್ದ. ಜನ ಬಂದು ನೂಕುತ್ತಿದ್ದರು. ಕರಾರು ಅಲ್ಲಿಗೆ ಮುರಿಯುತ್ತಿತ್ತು.

ಕಾರಹುಣ್ಣಿಮೆ ಬಂತು. ಎತ್ತುಗಳ ಹಬ್ಬ. ಕಾಕಾ ಗಾಡಿಯ ಮೈ ತೊಳೆದು, ಹ್ಯಾಂಡಲಿಗೆ ಕೆಂಪು ಬಣ್ಣ ಬಳಿದು, ಹೋದ ಎತ್ತಿನ ಕೋಡಿಗೆ ಹಾಕುತ್ತಿದ್ದ ಹಿತ್ತಾಳೆಯ ಕೊಡೆಣಸುಗಳನ್ನು ಅದರ ಎರಡೂ ತುದಿಗೆ ತೊಡಿಸಿದ. ಮುಂದೆ ಗಂಟೆಸರ ಕಟ್ಟಿದ. ಹಬ್ಬ ಮುಗಿದ ಮೇಲೂ ಬಿಚ್ಚಲಿಲ್ಲ.

ಇಷ್ಟು ಮಾಡಿದವನು ಸೋಮವಾರ ಬಿಟ್ಟಾನೆಯೇ? ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ವಾರ. ಆ ದಿನ ಗಾಡಿಯ ಮೇಲೆ ಎತ್ತಿನ ಹಳೆಯ ಝೂಲ ಹೊದಿಸಿ, ಊದುಬತ್ತಿ ಹಚ್ಚಿ, ಕಾಕಾ ನಡೆದೇ ಓಡಾಡುತ್ತಿದ್ದ. ಕಬ್ಬಿಣಕ್ಕೆಲ್ಲಿಯ ಸೋಮವಾರ ಎಂದು ಚಿಗವ್ವ ನಕ್ಕರೆ, ಲಿಂಗಸೂಗೂರಿನಲ್ಲಿ ಆಗಷ್ಟೇ ಮಾಸ್ತರನಾಗಿದ್ದ ನನ್ನ ಕಡೆ ಬೆರಳು ತೋರಿಸುತ್ತಿದ್ದ: “ಇವಗ ವರ್ಷಕ್ಕ ಎರಡು ತಿಂಗಳು ಸೂಟಿ ಕೊಡ್ತಾರ. ಅದು ಇವಗಿಂತ ಹೆಚ್ಚು ದುಡೀತೈತಿ.” ಮಿಸ್ತ್ರಿ ನಕ್ಕ, ಪೇಟೆ ನಕ್ಕಿತು, ನಾನಂತೂ ಶಾಲೆಯಲ್ಲಿ ಇದನ್ನೇ ಕತೆ ಮಾಡಿ ಹೇಳಿ ನಗಿಸಿದೆ. ಕಾಕಾ ನಗುವವರನ್ನು ನಗಲು ಬಿಟ್ಟ. ಸೋಮವಾರವನ್ನು ಮಾತ್ರ ಬಿಡಲಿಲ್ಲ.

ಆ ವರ್ಷದ ದಸರಾ ಸೂಟಿಗೆ ನಾನು ಕಾಕಾನ ಮನೆಯಲ್ಲಿದ್ದೆ. ಒಂದು ಬೆಳಿಗ್ಗೆ ಗುರುಗುಂಟಾದ ಪರಿಚಯದವರೊಬ್ಬರು ಚಿಗವ್ವನ ತಮ್ಮ ಹೇಳಿ ಕಳಿಸಿದ್ದ ಸುದ್ದಿ ತಂದರು. ಮರುದಿನ ತಾಯಿಯನ್ನು ಕಣ್ಣಿನ ಆಪರೇಷನ್ನಿಗೆ ರಾಯಚೂರಿಗೆ ಕರೆದೊಯ್ಯಬೇಕು. ಮುದುಕಿ ಹಟ ಹಿಡಿದು ಕೂತಿದ್ದಾಳೆ. ಇರುವ ಒಂದಿಷ್ಟು ಬೆಳಕೂ ಆಪರೇಷನ್ನಿನಲ್ಲಿ ಹೋದರೆ? ಅದಕ್ಕೆ ಮೊದಲು ಮಗಳ ಮುಖ ಒಂದು ಸಲ ನೋಡಬೇಕು, ನೋಡದೆ ಹೊಸ್ತಿಲು ದಾಟುವುದಿಲ್ಲ ಅನ್ನುತ್ತಾಳೆ.

ಅಂದು ಸೋಮವಾರ.

ಚಿಗವ್ವ ಗಾಡಿಯ ಕಡೆ ನೋಡಲಿಲ್ಲ. ಒಳಗೆ ಹೋಗಿ ತಾಯಿಗೆಂದು ಎತ್ತಿಟ್ಟಿದ್ದ ಸೀರೆಯನ್ನು ಚೀಲಕ್ಕೆ ಹಾಕಿದಳು. ಹೊರಗೆ ಬಂದಾಗ ಆಕೆಯ ಕೈಯಲ್ಲಿ ಒಂದು ನಿಂಬೆಹಣ್ಣಿತ್ತು. ಬಸ್ಸಿಗೇ ಹೊರಟಿದ್ದಳು. ಕಾಕಾ ಆ ನಿಂಬೆಹಣ್ಣನ್ನೇ ನೋಡುತ್ತ ನಿಂತ. ಆಮೇಲೆ ಅಂಗಳಕ್ಕೆ ಇಳಿದು, ಗಾಡಿಯ ಮುಂದೆ ಕೈಮುಗಿದು, ಝೂಲ ತೆಗೆದ.

“ಗೊತ್ತೈತಿ ನನಗ, ಸೋಮವಾರ,” ಎಂದು ಟ್ಯಾಂಕಿನ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದ. “ಇವತ್ತೊಂದಿನ ನಡಿಯಪಾ. ಆಕಿ ಸಲುವಾಗಿ.”

ಒದ್ದ. ಇನ್ನೊಮ್ಮೆ ಒದ್ದ. ಗಾಡಿ ತಿರುಗಿ ಒದೆಯಿತು. ಕಾಕಾ ಮತ್ತೆ ಕೈಮುಗಿದ. ವ್ರತ ಮುರಿದದ್ದಕ್ಕೇ ಅದು ಮುನಿದಿದೆ ಎಂದು ಅವನು ನಂಬಿದ್ದನೆಂದು ಮುಖ ನೋಡಿದರೆ ತಿಳಿಯುತ್ತಿತ್ತು. ನಾನು ನೂಕಲು ಪಂಚೆ ಎತ್ತಿ ಕಟ್ಟಿದೆ. ಅಷ್ಟರಲ್ಲಿ ಚಿಗವ್ವ ಚೀಲವನ್ನು ನನ್ನ ಕೈಗೆ ಕೊಟ್ಟು ಸೆರಗು ಸಿಕ್ಕಿಸಿದಳು.

“ತುಸು ಸರೀರಿ. ದಮ್ಮು ಬಿಡಸಿಲ್ಲ ನೀವು.”

ಎಡಗೈ ಹಿಡಿಯನ್ನು ತಾನೇ ಒತ್ತಿದಳು. ‘ಫುಸ್’ ಎಂದಿತು. ಮೆಲ್ಲಗೆ ಅಮುಕಲು ಹೇಳಿದಳು, ಮುಳ್ಳು ನಡುವೆ ಬರುವ ತನಕ ಬಗ್ಗಿ ನೋಡಿದಳು, “ಈಗ ಒದೀರಿ” ಎಂದು ಹಿಡಿ ಬಿಟ್ಟಳು. ಒಂದೇ ಒದೆಗೆ ಗಾಡಿ ಗುಡುಗಿತು. ಒಂದು ವರ್ಷ ಮುಖ ತಿರುವಿಕೊಂಡು ಅಕ್ಕಿ ಆರಿಸಿದವಳ ವಿದ್ಯೆ ಇದು! ಒಬ್ಬರೂ ನೂಕಿರಲಿಲ್ಲ. ಚಿಗವ್ವ ಹಿಂದೆ ಕೂತು ನಿಂಬೆಹಣ್ಣನ್ನು ನನಗೆ ಕೊಟ್ಟಳು. ಬಸ್ಸಿನಲ್ಲಿ ಬರುವವನು ನೀನು, ನಿನಗೇ ಬೇಕಾಗುತ್ತದೆ ಎಂದಳು.

ಆಕೆ ಗಡಿಬಿಡಿಯಲ್ಲಿ ನನ್ನ ಕೈಯಲ್ಲೇ ಮರೆತ ಚೀಲ ಹಿಡಿದು ನಾನು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕಿಟಕಿಯಿಂದ ತಲೆ ಹೊರಗೆ ಹಾಕಿ, ಎಲ್ಲಿ ಕೆಟ್ಟು ನಿಂತಿದ್ದಾರೋ ಎಂದು ನೋಡಿದ್ದೇ ನೋಡಿದ್ದು. ಮಸ್ಕಿಯಲ್ಲಿ ಸಿಕ್ಕರು. ನಾಲ್ಕು ವರ್ಷದ ಹಿಂದೆ ಕಂಡಕ್ಟರ್ ಮಲಗಿಸಿಹೋಗಿದ್ದ ಅದೇ ಬೆಂಚಿನ ಮೇಲೆ ಚಿಗವ್ವ ನೆಟ್ಟಗೆ ಕೂತು ಬಸಿಯಲ್ಲಿ ಚಹಾ ಕುಡಿಯುತ್ತಿದ್ದಳು. ನಮ್ಮ ಬಸ್ಸಿನ ಕಡೆ ನೋಡಿದ ನೋಟದಲ್ಲಿ ಸ್ವಲ್ಪ ಗತ್ತಿತ್ತು.

ಲಿಂಗಸೂಗೂರಿನಲ್ಲಿ ಬಸ್ಸು ಬದಲಿಸಿ ಗುರುಗುಂಟಾದಲ್ಲಿ ಇಳಿದಾಗ ಇಬ್ಬರೂ ಊರ ಬಾಗಿಲಲ್ಲಿ ಕಾಯುತ್ತಿದ್ದರು. ಬರಿಗೈಯಲ್ಲಿ ತಾಯಿಯ ಮುಂದೆ ನಿಲ್ಲಲಾರೆನೆಂದು ಚಿಗವ್ವನಿಗೆ ಚೀಲ ಬೇಕಿತ್ತು. ಕಾಕಾ ಗಾಡಿ ಬಂದ್ ಮಾಡಿದ್ದ. ಸೋಮವಾರ ಊರೊಳಗೆ ಸದ್ದು ಮಾಡಿಕೊಂಡು ಹೋಗಲು ಅವನಿಗೆ ನಾಚಿಕೆ. ಮನೆ ತನಕ ನೂಕಿಕೊಂಡೇ ಹೋದ. ಗಂಟೆಸರದ ಸದ್ದು ಮಾತ್ರ ಕೇಳುತ್ತಿತ್ತು.

ಆ ಸದ್ದಿಗೆ ಮುದುಕಿ ಬಾಗಿಲಿಗೆ ಬಂದಳು. ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ತಂದುಕೊಂಡು ನೋಡಿದಳು. ಬಹಳ ಹೊತ್ತು ನೋಡಿದಳು. ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ, ನೆಲ ನೋಡಿದೆ. ಆಮೇಲೆ ಆಕೆ ಗಂಟೆ ಸದ್ದಾದ ಕಡೆ ಕೈ ಚಾಚಿದಳು. ಕೈಗೆ ಹಿತ್ತಾಳೆಯ ಕೊಡೆಣಸು ಸಿಕ್ಕಿತು. ಅಲ್ಲಿಂದ ಕೈ ಇಳಿದು ಬಿಸಿಲಿಗೆ, ಎಂಜಿನ್ನಿಗೆ ಕಾದ ಟ್ಯಾಂಕಿನ ಮೇಲೆ ನಿಂತಿತು.

“ಮೈ ಸುಡಾಕತ್ತೈತಿ,” ಎಂದಳು. “ಸೋಮವಾರ ಹೂಡೀರೇನ್ರಿ, ನನ್ನ ಸಲುವಾಗಿ?”

ವರ್ಷವಿಡೀ ನಾವೆಲ್ಲ ನಕ್ಕಿದ್ದೆವು. ಆ ಸೋಮವಾರದ ಬೆಲೆ ಕೇಳಿದವಳು ಈ ಕಣ್ಣು ಸರಿಯಾಗಿ ಕಾಣದ ಮುದುಕಿ ಒಬ್ಬಳೇ. ಕಾಕಾ ತಲೆ ತಗ್ಗಿಸಿ ನಿಂತ.

“ಹೌದ್ರಿ ಅತ್ತಿ. ತಪ್ಪಾತು.”

ತಪ್ಪೇನೂ ಇಲ್ಲ, ಮೊದಲು ಅದರ ಕಾಲಿಗೆ ನೀರು ಹಾಕಿರಿ ಎಂದಳು ಆಕೆ. ಕಬ್ಬಿಣಕ್ಕೆಲ್ಲಿಯ ಸೋಮವಾರ ಎಂದಿದ್ದ ಚಿಗವ್ವ ಒಳಗೆ ಹೋಗಿ ತಂಬಿಗೆ ತಂದಳು. ಬಗ್ಗಿ ಮುಂದಿನ ಗಾಲಿಗೆ ನೀರು ಹಾಕಿದಳು, ಹಿಂದಿನ ಗಾಲಿಗೂ ಹಾಕಿದಳು. ಮುದುಕಿಯ ಕೈ ಇನ್ನೂ ಆಚೀಚೆ ಗಾಳಿಯಲ್ಲಿ ಹುಡುಕುತ್ತಿತ್ತು.

“ಒಂದ ಐತಲ್ಲವಾ. ಇದರ ಜೋಡಿ ಎಲ್ಲಿ?”

ಕಾಕಾ ಹೆಂಡತಿಯ ಮುಖ ನೋಡಿದ. ಚಿಗವ್ವ ಖಾಲಿ ತಂಬಿಗೆ ಹಿಡಿದು ಗಂಡನ ಪಕ್ಕಕ್ಕೆ ಬಂದು ನಿಂತಳು.

“ಜೋಡಿ ಮ್ಯಾಲೆ ಕುಂತು ಬಂದೈತಿ ಬೇ ಅವ್ವಾ,” ಎಂದಳು.