ನಮ್ಮ ಕಾಕಾನ ನೀರುಗಾಡಿ

ಕಮತಗಿ ಸುತ್ತಮುತ್ತ ಯಾರ ಮನೆಯ ಗೋಡೆಯ ಮೇಲೆ ಮದುಮಗ ಗಾಬರಿಬಿದ್ದು ನಿಂತ ಫೋಟೋ ಕಂಡರೂ ಅದು ನಮ್ಮ ಕಾಕಾ ತೆಗೆದದ್ದೇ! "ಅಂಜಬ್ಯಾಡ! ನನ್ನ ಕಡೆ ನೋಡು!" ಎಂದು ಆತ ಅಬ್ಬರಿಸಿದರೆ ಯಾರು ತಾನೇ ಅಂಜುವುದಿಲ್ಲ? ಮನುಷ್ಯರ ಮುಖ ಅವನಿಗೆ ಒಲಿಯಲಿಲ್ಲ. ಹೊಳೆಯ ತಳ ಒಲಿಯಿತು.

ನಮ್ಮೂರು ಮಲಪ್ರಭೆಯ ಈಚೆ, ಹೈಸ್ಕೂಲು ಆಚೆ. ಆ ವರ್ಷ ನೆರೆ ಇಳಿದ ಮೇಲೆ ನಾವು ದಾಟುವ ಜಾಗದಲ್ಲಿ ಎಲ್ಲೋ ಮಡು ಬಿದ್ದು, ಒಂದು ಎತ್ತು ಮುಳುಗಿಹೋಯಿತು. ಅವ್ವ ನನ್ನ ಪುಸ್ತಕದ ಚೀಲವನ್ನು ಗೂಟಕ್ಕೆ ಹಾಕಿದಳು. "ಕಲತದ್ದು ಸಾಕು. ಇನ್ನ ವರಾ ನೋಡೂಣು."

ಕಾಕಾ ವಾದಕ್ಕೆ ನಿಲ್ಲಲಿಲ್ಲ. ಎರಡು ಎಣ್ಣೆ ಡಬ್ಬಿಗಳನ್ನು ಒಂದರ ಮೇಲೊಂದು ಬೆಸೆಸಿದ. ತಳಕ್ಕೆ ಗಾಜು, ಕೆಳಗೆ ಗಾಲಿ, ಒಳಗೆ ತನ್ನ ಒಂದೇ ಒಂದು ಕ್ಯಾಮೆರಾ, ಮೇಲೆ ಕರಿ ಬಟ್ಟೆ. ಹಗ್ಗ ಹಿಡಿದು ಗಾಡಿಯನ್ನು ನೀರಲ್ಲಿ ಎಳೆದ. ದಾರ ಜಗ್ಗಿದರೆ ಖಟ್!

ಮೊದಲ ಫೋಟೋದಲ್ಲಿ ಒಂದು ಕರಿ ಕಂಬ. "ಪಟ್ಟದಕಲ್ಲಿನಂಥಾ ಗುಡಿ ಮುಳುಗೇತಿ!" ಎಂದು ಊರು ಕೈಮುಗಿಯಿತು.

ನೆರೆಮನೆಯ ಬಸವ್ವ ಬಗ್ಗಿ ನೋಡಿದಳು. "ಯಾವ ಗುಡೀರಿ? ಇದು ನನ್ನ ಎಮ್ಮಿ ಕಾಲು! ಅಲ್ಲೋ ತಮ್ಮಾ, ಮಡು ಎಲ್ಲೈತಂತ ಒಂದು ಬಡಿಗಿ ತಗೊಂಡು ತಿವಿದು ನೋಡಿದರ ಮುಗೀತಲ್ಲ?"

"ಬಡಿಗಿ ಹೇಳಿದ್ದು ನನಗ ತಿಳೀತದ, ಬಸವ್ವಕ್ಕ. ನಮ್ಮ ವೈನಿ, ಹುಡುಗಿ ಅವ್ವ, ಹೊಳಿ ಕಡೆ ಹಾಯೂದಿಲ್ಲ. ಅವರ ಕಣ್ಣಿಗೆ ಕಾಣಬೇಕಲ್ಲ?"

ವಾರಗಟ್ಟಲೆ ಎಳೆದ. ಮದುವೆಗಳಿಗೆ ಕರೆಯಲು ಬಂದವರು ಹಾಗೇ ವಾಪಸು ಹೋದರು. ಒಂದು ದಿನ ಗಾಡಿ ಗಪ್ಪನೆ ಮಗುಚಿ ಕಣ್ಮರೆಯಾಯಿತು. ಕ್ಯಾಮೆರಾಕ್ಕೆ ಜಲಸಮಾಧಿ! ದಂಡೆಯ ಮೇಲಿದ್ದವರು ಅಯ್ಯೋ ಎಂದರೆ ಈತ ಕುಣಿದಾಡಿದ. "ಸಿಕ್ತು! ಮಡು ಸಿಕ್ತು!"

ಅದುವರೆಗೆ ತೆಗೆದ ಫೋಟೋಗಳನ್ನು ರಟ್ಟಿನ ಮೇಲೆ ಸಾಲಾಗಿ ಅಂಟಿಸಿ ಅವ್ವನ ಮುಂದೆ ಹಾಸಿದ. ಈ ದಂಡೆಯಿಂದ ಆ ದಂಡೆಗೆ ಗಟ್ಟಿ ಹಾಸುಗಲ್ಲು. ಅವ್ವ ಅದರ ಮೇಲೆ ಬೆರಳಿಟ್ಟು ನಿಧಾನಕ್ಕೆ ಹೊಳೆ ದಾಟಿದಳು. ನಡುವೆ ಪಕ್ಕದಲ್ಲೊಂದು ಖಾಲಿ ಜಾಗ. ಬೆರಳು ನಿಂತಿತು.

"ಇಲ್ಲೇನೈತೋ?"

"ಮಡು. ಅದರ ಅಂಚಿಗೆ ನಾ ನಿಂತಿರ್ತೇನಿ, ವೈನಿ."

ಅವ್ವ ಎದ್ದು ಗೂಟದ ಚೀಲ ಇಳಿಸಿದಳು.

ನಮ್ಮ ಮನೆತನಕ್ಕೆ ಮೊದಲ ಬಿ.ಎ. ನಾನು. ಕಾಕಾನಿಗೆ ಈಜು ಬರುತ್ತಿರಲಿಲ್ಲ. ನನ್ನ ಮ್ಯಾಟ್ರಿಕ್ ಮುಗಿಯುವತನಕ ಸಾಲಿಯಿದ್ದ ದಿನವೆಲ್ಲ ಧೋತರ ಎತ್ತಿ ಕಟ್ಟಿ, ಸೊಂಟದ ಮಟ್ಟದ ನೀರಲ್ಲಿ ಆ ಅಂಚಿಗೆ ನಿಂತಿರುತ್ತಿದ್ದ. ಚಳಿಗೆ ಹಲ್ಲು ಕಟಕಟ ಎನ್ನುತ್ತಿದ್ದವು. ಕೈಯಲ್ಲಿ ಕ್ಯಾಮೆರಾ ಇರಲಿಲ್ಲ, ಅಬ್ಬರವೂ ಇರಲಿಲ್ಲ.

"ಅಂಜಬ್ಯಾಡವ್ವಾ. ನನ್ನ ಕಡೆ ನೋಡು."